ಆರು ತಿಂಗಳ ಸೂರ್ಯನನ್ನು ಡಬ್ಬಿಯಲ್ಲಿ ಹಿಡಿದವರು ಇದ್ದೀರಾ? ಅನುಭವ ಹೇಳಿ

ಮಾಳಿಗೆಮನೆ (ಮೈಸೂರು):
ಎಲ್ಲರಿಗೂ ನಮಸ್ಕಾರ. ಮೊನ್ನೆ ಒಂದು ಚಿತ್ರ ಸಿಕ್ಕಿತು, ಅದು ತಲೆಯಿಂದ ಹೋಗುತ್ತಲೇ ಇಲ್ಲ. ರೆಜಿನಾ ವಾಲ್ಕೆನ್‌ಬೋರ್ಗ್ ಅನ್ನೋ ಕಲಾ ವಿದ್ಯಾರ್ಥಿನಿ 2012ರಲ್ಲಿ ಇಂಗ್ಲೆಂಡಿನ ಬೇಫರ್ಡ್‌ಬರಿ ವೀಕ್ಷಣಾಲಯದಲ್ಲಿ ಒಂದು ಕ್ಯಾನ್‌ಗೆ ಸೂಜಿರಂಧ್ರ ಮಾಡಿ, ಒಳಗೆ ಫೋಟೊ ಪೇಪರ್ ಇಟ್ಟು, ದೂರದರ್ಶಕದ ಗುಮ್ಮಟಕ್ಕೆ ಅಂಟಿಸಿದ್ದರು. ಆಮೇಲೆ ಮರೆತೇ ಬಿಟ್ಟರು. 2020ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸಿಬ್ಬಂದಿ ತೆಗೆದು ನೋಡಿದರೆ ಎಂಟು ವರ್ಷದ ಸೂರ್ಯ! ಸೂರ್ಯ ಆಕಾಶ ದಾಟಿದ ಗೆರೆ, ದಿನಕ್ಕೊಂದು, ಹೀಗೆ 2,953 ಗೆರೆಗಳು ಒಂದೇ ಹಾಳೆಯಲ್ಲಿ.
ನಾನೂ ಡಿಸೆಂಬರ್ 21ರಿಂದ ಜೂನ್ 21ರವರೆಗೆ ನಮ್ಮ ಟೆರೇಸ್ ಮೇಲೆ ಒಂದು ಡಬ್ಬಿ ಇಡಬೇಕು ಅಂತಿದ್ದೇನೆ. ಮನೆಯ ದಕ್ಷಿಣಕ್ಕೆ ದೊಡ್ಡ ಬೇವಿನ ಮರ ಇದೆ, ಅಡ್ಡ ಬರುತ್ತದಾ? ಯಾವ ಪೇಪರ್, ಎಷ್ಟು ಖರ್ಚು? ಮಾಡಿದವರು ದಯವಿಟ್ಟು ಹೇಳಿ.

ಹಂಚಿನಮನೆ (ತೀರ್ಥಹಳ್ಳಿ):
ನಾನು ಜೂನ್ 21ರಿಂದ ಡಿಸೆಂಬರ್ 21ಕ್ಕೆ ಇಟ್ಟೆ. ಮಲೆನಾಡಿನಲ್ಲಿ ಅಂಥ ತಪ್ಪು ಯಾರೂ ಮಾಡಬೇಡಿ. ಲೆಕ್ಕ ಬರೆದಿಟ್ಟಿದ್ದೇನೆ, ಹೇಳ್ತೀನಿ ಕೇಳಿ. ಮುಚ್ಚುತ್ತಿದ್ದ ಒಂದು ಸ್ಟುಡಿಯೋದಿಂದ ಹಳೆ ಪೇಪರ್ ₹500. ಅದು ಸರಿಯಾಗದೆ ಹೊಸ ಪೆಟ್ಟಿಗೆ, 25 ಹಾಳೆ, ₹2,350. ಕೊರಿಯರ್ ₹180. ಕಪ್ಪು ಟೇಪ್ ಮೂರು ಸುರುಳಿ ₹270. ಎಂ-ಸೀಲ್ ₹140. ಶಿವಮೊಗ್ಗಕ್ಕೆ ಎರಡು ಸಲ ಬಸ್ಸು ₹320. ಸ್ಕ್ಯಾನ್ ₹60. ಒಟ್ಟು ₹3,820. ಕೈಗೆ ಬಂದದ್ದು ಒಂದು ಚಿತ್ರ, ಅದೂ ಅರ್ಧ.
ನಾಲ್ಕು ಡಬ್ಬಿ ಇಟ್ಟಿದ್ದೆ. ಒಂದನ್ನು ಮಂಗ ಕಿತ್ತುಕೊಂಡು ಹೋಯಿತು, ಹದಿನೈದು ದಿನದಲ್ಲೇ. ಅಡಿಕೆ ತೋಟದ ಬದಿಯ ಕಂಬದಲ್ಲಿ ಇಟ್ಟಿದ್ದಕ್ಕೆ ಕಡಜ ಬಂದು ರಂಧ್ರದ ಮೇಲೆ ಮಣ್ಣು ಮೆತ್ತಿ ಗೂಡು ಕಟ್ಟಿತ್ತು, ಡಿಸೆಂಬರ್‌ನಲ್ಲಿ ತೆಗೆದರೆ ಹಾಳೆ ಹೊಚ್ಚ ಹೊಸದರ ಹಾಗೆ ಬೆಳ್ಳಗೆ! ಮೂರನೆಯದರಲ್ಲಿ ನೀರು. ಮುಚ್ಚಳದ ಸಂದಿಗೆ ಬರೀ ಟೇಪ್ ಸುತ್ತಿದ್ದೆ, ಎಂ-ಸೀಲ್ ಹಚ್ಚಿರಲಿಲ್ಲ. ಪೇಪರ್ ಮೇಲಿನ ಪದರ ಲೋಳೆಯಾಗಿ ಬೂಷ್ಟು ಹಿಡಿದು ಡಬ್ಬಿಗೇ ಅಂಟಿಕೊಂಡಿತ್ತು. ನಾಲ್ಕನೆಯದು ಜಗಲಿ ಸೂರಿನ ಕೆಳಗಿದ್ದದ್ದು, ಅದೊಂದು ಉಳಿಯಿತು. ಅದರಲ್ಲಿ ಜುಲೈ ಆಗಸ್ಟ್ ಪೂರ್ತಿ ಖಾಲಿ, ಅಕ್ಟೋಬರ್‌ನಿಂದ ಗೆರೆ ಶುರು. ಅದನ್ನೂ ಜೆರಾಕ್ಸ್ ಅಂಗಡಿ ಹುಡುಗ ಪ್ರಿವ್ಯೂ, ಸ್ಕ್ಯಾನ್, ಮತ್ತೆ ಸ್ಕ್ಯಾನ್ ಅಂತ ಮೂರು ಸಲ ಬೆಳಕು ಹಾಯಿಸಿ ಅರ್ಧ ಕಪ್ಪು ಮಾಡಿದ. ಆ ಪೇಪರ್ ರಾಸಾಯನಿಕದಲ್ಲಿ ತೊಳೆದದ್ದಲ್ಲವಲ್ಲ, ಬೆಳಕು ಬಿದ್ದಷ್ಟೂ ಕಪ್ಪಾಗುತ್ತಲೇ ಹೋಗುತ್ತದೆ. ಅಂಗಡಿಯಲ್ಲೇ ಅಳು ಬಂತು ನನಗೆ.

ಹಳೇ ಸ್ಟುಡಿಯೋ (ದಾವಣಗೆರೆ):
ಮೇಡಂ, ಹಳೆ ಪೇಪರ್ "ಸರಿಯಾಗದೆ" ಅಂತ ಬರೆದಿದ್ದೀರಿ, ಅದು ತಪ್ಪು. ಈ ಕೆಲಸಕ್ಕೆ ಹಳೆ ಪೇಪರ್‌ನಷ್ಟು ಒಳ್ಳೆಯದು ಯಾವುದೂ ಇಲ್ಲ. ಡೆವಲಪರ್‌ನಲ್ಲಿ, ಅಂದರೆ ಚಿತ್ರ ಮೂಡಿಸುವ ರಾಸಾಯನಿಕದಲ್ಲಿ, ಅದ್ದುವುದಾದರೆ ಮಾತ್ರ ಅವಧಿ ಮುಗಿದ ಹಾಳೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಅದ್ದುವುದೇ ಇಲ್ಲ, ಬಿಸಿಲೇ ತಾನಾಗಿ ಹಾಳೆಯ ಮೇಲಿನ ಬೆಳ್ಳಿ ಲವಣವನ್ನು ಕಪ್ಪು ಮಾಡುತ್ತದೆ.
ನನ್ನದು 1986ರಿಂದ ಸ್ಟುಡಿಯೋ. ಕೆಂಪು ದೀಪದ ಕೋಣೆಯಲ್ಲಿ ಮದುವೆ ಆಲ್ಬಂ ತೊಳೆದೇ ಮನೆ ಕಟ್ಟಿದವನು. ಡಿಜಿಟಲ್ ಬಂದ ಮೇಲೆ 2009ರಲ್ಲಿ ಹನ್ನೊಂದು ಪೆಟ್ಟಿಗೆ ಪೇಪರ್ ಗುಜರಿಗೆ ಹಾಕಿದೆ, ಕೆ.ಜಿ. ಲೆಕ್ಕದಲ್ಲಿ. ₹90 ಬಂತು. ಎರಡು ಪೆಟ್ಟಿಗೆ ಮಾತ್ರ ಅಟ್ಟದಲ್ಲಿ ಉಳಿದಿತ್ತು. ಮೊಮ್ಮಗಳು ಈ ಡಬ್ಬಿ ವಿಷಯ ತೋರಿಸಿದಾಗ ತೆಗೆದೆ. ಮೂವತ್ತು ವರ್ಷದ ಹಾಳೆ, ನೇರಳೆ ಮತ್ತು ತಾಮ್ರದ ಬಣ್ಣದಲ್ಲಿ ಚಿತ್ರ ಬಂತು. ಕಪ್ಪುಬಿಳುಪು ಪೇಪರ್‌ನಲ್ಲಿ ಬಣ್ಣ! ಆ ಹನ್ನೊಂದು ಪೆಟ್ಟಿಗೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಂಚಿನಮನೆ (ತೀರ್ಥಹಳ್ಳಿ):
ಸಾರ್, ನಾನು ಸುಮ್ನೆ ಹೇಳಿದ್ದಲ್ಲ. ಆ ₹500ರ ಹಾಳೆ ಪೆಟ್ಟಿಗೆ ತೆರೆದಾಗಲೇ ಒಂದಕ್ಕೊಂದು ಅಂಟಿತ್ತು. ಬಿಡಿಸಿದರೆ ಪದರ ಕಿತ್ತು ಬರುತ್ತಿತ್ತು. ಅದನ್ನು ಡಬ್ಬಿಯೊಳಗೆ ಹೇಗೆ ಇಡಲಿ?

ಹಳೇ ಸ್ಟುಡಿಯೋ (ದಾವಣಗೆರೆ):
ಅದು ತೇವ ತಿಂದ ಪೇಪರ್. ಹಳೆಯದು ಬೇರೆ, ಹಾಳಾದದ್ದು ಬೇರೆ. ಮಾರಿದವನ ತಪ್ಪಿಗೆ ಎಲ್ಲ ಹಳೆ ಪೇಪರನ್ನೂ ಬಯ್ಯಬೇಡಿ.

ಕೋನಮಾನ (ಬೆಂಗಳೂರು):
ಪೇಪರ್ ಜಗಳ ಆಮೇಲೆ ಮಾಡಿ. ನಮ್ಮ ಊರುಗಳಲ್ಲಿ ಸೋಲುವುದು ಪೇಪರ್‌ನಿಂದ ಅಲ್ಲ, ದಿಕ್ಕಿನಿಂದ. ನಾನು ಒಂದು ವರ್ಷ ಕಳೆದುಕೊಂಡು ಕಲಿತದ್ದು ಇದು. ಯೂರೋಪಿನವರ ಚಿತ್ರ ನೋಡಿ ಎಲ್ಲರೂ ಡಬ್ಬಿಯನ್ನು ದಕ್ಷಿಣಕ್ಕೆ ತಿರುಗಿಸುತ್ತಾರೆ. ಅಲ್ಲಿ ಸೂರ್ಯ ತಗ್ಗಿನಲ್ಲಿ ಓಡುತ್ತಾನೆ, ಹಾಳೆಯಲ್ಲಿ ಚೆಂದದ ಬಿಲ್ಲಿನಾಕಾರದ ಗೆರೆ ಬರುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್ 21ರ ಮಧ್ಯಾಹ್ನವೂ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. 330 ಮಿ.ಲೀ. ಕ್ಯಾನ್ 6.6 ಸೆಂ.ಮೀ. ಅಗಲ, ಹನ್ನೊಂದೂವರೆ ಎತ್ತರ. ರಂಧ್ರ ನಡುವೆ ಮಾಡಿದರೆ ಎದುರಿಗೆ 41 ಡಿಗ್ರಿವರೆಗೆ ಮಾತ್ರ ಕಾಣುತ್ತದೆ. ಅಂದರೆ ವರ್ಷದಲ್ಲಿ ಅತಿ ತಗ್ಗಿನ ಮಧ್ಯಾಹ್ನದ ಸೂರ್ಯನೇ ಹಾಳೆಯ ಹೊರಗೆ! ಅದೂ ಸಾಲದು ಅಂತ ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದು, ನೆರಳಿಲ್ಲದ ದಿನ ಅಂತಾರಲ್ಲ, ಆಮೇಲೆ ಆಗಸ್ಟ್ 18ರವರೆಗೆ ಮಧ್ಯಾಹ್ನ ಉತ್ತರದ ಕಡೆಗೇ ಇರುತ್ತಾನೆ, ನಿಮ್ಮ ಡಬ್ಬಿಯ ಬೆನ್ನ ಹಿಂದೆ.
ಮೊದಲ ವರ್ಷ ನನಗೆ ಸಿಕ್ಕಿದ್ದು ಎರಡು ಮೂಲೆಯಲ್ಲಿ ಎರಡು ಕಂತೆ ಗೆರೆ, ನಡುವೆ ಖಾಲಿ. ಎರಡನೇ ವರ್ಷ ಪೂರ್ವಕ್ಕೆ ತಿರುಗಿಸಿದೆ, ರಂಧ್ರವನ್ನು ಮೇಲಕ್ಕೆ, ತಳದಿಂದ ಒಂಬತ್ತೂವರೆ ಸೆಂ.ಮೀ.ಗೆ ಒಯ್ದೆ, ಆಗ 55 ಡಿಗ್ರಿವರೆಗೂ ಸಿಕ್ಕಿತು. ಬಿಲ್ಲು ಬರಲಿಲ್ಲ. ನೆಟ್ಟಗೆ ಮೇಲೇಳುವ, ಸ್ವಲ್ಪ ಬಲಕ್ಕೆ ಬಾಗಿದ ಗೆರೆಗಳು, ಮಳೆ ಕೆಳಗಿನಿಂದ ಮೇಲಕ್ಕೆ ಸುರಿದ ಹಾಗೆ. ಅದು ನಮ್ಮ ಅಕ್ಷಾಂಶದ ಸೂರ್ಯ. ಇಂಗ್ಲೆಂಡಿನದಲ್ಲ. ನನಗೆ ಅದೇ ಹೆಮ್ಮೆ.

ಹಿಮದೂರು (ಸ್ಟಾಕ್‌ಹೋಮ್):
ಕೋನಮಾನ ಅವರೇ, ಬಿಲ್ಲು ಬಂದರೆ ಸುಲಭ ಅಂದುಕೊಳ್ಳಬೇಡಿ. ಇಲ್ಲಿ ಡಿಸೆಂಬರ್ ಮಧ್ಯಾಹ್ನ ಸೂರ್ಯ ಏಳು ಡಿಗ್ರಿ. ಎದುರಿನ ಕಟ್ಟಡದ ಮಾಡು ದಾಟುವುದೇ ಇಲ್ಲ. ಜೂನ್‌ನಲ್ಲಿ ಏರಿದರೆ 54, ಅಂದರೆ ನಿಮ್ಮ ಊರಿನ ಡಿಸೆಂಬರ್‌ನಷ್ಟು. ನಾನು ಬಾಲ್ಕನಿ ಸರಳಿಗೆ ಕಟ್ಟಿದ್ದೆ, ಜನವರಿಯಲ್ಲಿ ಒಳಗಿನ ತೇವ ಹೆಪ್ಪುಗಟ್ಟಿ ಹಾಳೆ ಸೆಟೆದು ರಂಧ್ರದ ಮೇಲೇ ಬಂದು ಕೂತಿತ್ತು. ಮಾರ್ಚ್‌ವರೆಗೆ ಏನೂ ಇಲ್ಲ. ಮತ್ತೆ ಶುರು ಮಾಡಿದೆ. ಅಮ್ಮ ಫೋನ್‌ನಲ್ಲಿ "ಅಲ್ಲಿ ಬಿಸಿಲೇ ಇಲ್ಲ, ಏನು ಹಿಡೀತೀಯ ಮಗನೇ" ಅಂತ ಕೇಳಿದ್ದರು. ಆ ಚಿತ್ರವನ್ನು ದೊಡ್ಡದಾಗಿ ಮಾಡಿಸಿ ಹಾಸನದ ಮನೆಗೆ ಕಳಿಸಿದ್ದೇನೆ, ದೇವರ ಕೋಣೆ ಪಕ್ಕದಲ್ಲಿ ಹಾಕಿದ್ದಾರೆ.

ಕೆರೆದಂಡೆ (ಬೆಂಗಳೂರು):
ನಂದು ಬೇರೆ ಕಥೆ. ಕೆರೆ ಬೇಲಿಗೆ ಎರಡು ಕೇಬಲ್ ಟೈ ಹಾಕಿ ಕಟ್ಟಿದ್ದೆ. ಕಪ್ಪು ಟೇಪ್ ಸುತ್ತಿದ ಡಬ್ಬಿ. 71ನೇ ದಿನ ಯಾರೋ ನೋಡಿ ಪೊಲೀಸರಿಗೆ ಹೇಳಿದ್ದಾರೆ. ನಾನು ವಾಕಿಂಗ್ ಹೋದಾಗ ಅಲ್ಲಿ ಜನ ಸೇರಿದ್ದರು. ನಂದೇ ಅಂತ ಹೇಳಿದ್ದಕ್ಕೆ ಮೂರೂವರೆ ಗಂಟೆ ಠಾಣೆಯಲ್ಲಿ ಕೂರಿಸಿದರು. ಮೊಬೈಲ್‌ನಲ್ಲಿ ಚಿತ್ರ ತೋರಿಸಿ ತೋರಿಸಿ ಸಾಕಾಯಿತು. ಡಬ್ಬಿಯನ್ನು ಕತ್ತರಿಸಿ ತೆರೆದುಬಿಟ್ಟಿದ್ದರು. 71 ದಿನದ ಬೆಳಕು ಎರಡು ನಿಮಿಷದಲ್ಲಿ ಕಪ್ಪಾಯಿತು. ಕಲೆ ಅಂದರೆ ಯಾರಿಗೂ ಅರ್ಥ ಆಗಲ್ಲ.

ಕೋನಮಾನ (ಬೆಂಗಳೂರು):
ತಪ್ಪು ನಿಮ್ಮದೇ ರೀ. ಸಾರ್ವಜನಿಕ ಜಾಗದಲ್ಲಿ ಟೇಪ್ ಸುತ್ತಿದ ಡಬ್ಬಿ ಕಟ್ಟಿದರೆ ಯಾರಿಗಾದರೂ ಭಯ ಆಗುತ್ತದೆ. ಫೋನ್ ಮಾಡಿದವರು ಸರಿಯಾದ ಕೆಲಸವನ್ನೇ ಮಾಡಿದ್ದಾರೆ.

ಕೆರೆದಂಡೆ (ಬೆಂಗಳೂರು):
ಡಬ್ಬಿ ಮೇಲೆ ಏನು ಅಂತ ಬರೆದು ಫೋನ್ ನಂಬರನ್ನೂ ಹಾಕಿದ್ದೆ. ಓದಿದ್ದರೆ ಮುಗಿಯುತ್ತಿತ್ತು. ಸ್ವಂತ ಟೆರೇಸ್ ಇರುವವರಿಗೆ ಮಾತಾಡುವುದು ಸುಲಭ. ಒಂದು ಕೋಣೆಯ ಬಾಡಿಗೆ ಮನೆಯವರು ಎಲ್ಲಿ ಕಟ್ಟಬೇಕು ಹೇಳಿ?

ಕೋನಮಾನ (ಬೆಂಗಳೂರು):
ಇಂಗ್ಲಿಷಿನಲ್ಲಿ ಬರೆದಿದ್ದಿರಾ, ಕನ್ನಡದಲ್ಲಾ?

ಕೆರೆದಂಡೆ (ಬೆಂಗಳೂರು):
ಇಂಗ್ಲಿಷಿನಲ್ಲಿ. ಅದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಮೂರೂವರೆ ಗಂಟೆ ಕೂರಿಸಿದ್ದನ್ನು ಮಾತ್ರ ಒಪ್ಪಲ್ಲ.

ಹಳೇ ಸ್ಟುಡಿಯೋ (ದಾವಣಗೆರೆ):
ಹಿಮದೂರು ಅವರಿಗೆ ಒಂದು ಪ್ರಶ್ನೆ. ನೀವು ಹಾಕಿದ ಚಿತ್ರದಲ್ಲಿ ಆಕಾಶ ಕಡುನೀಲಿ ಇದೆಯಲ್ಲ, ಅದು ಹಾಳೆಯಲ್ಲಿ ಇದ್ದದ್ದಾ, ಕಂಪ್ಯೂಟರಿನಲ್ಲಿ ಬಂದದ್ದಾ?

ಹಿಮದೂರು (ಸ್ಟಾಕ್‌ಹೋಮ್):
ಸ್ಕ್ಯಾನ್ ಮಾಡಿ ನೆಗೆಟಿವ್‌ನಿಂದ ಪಾಸಿಟಿವ್‌ಗೆ ತಿರುಗಿಸಿದ್ದೇನೆ. ಕಂದು ಬಣ್ಣ ತಿರುಗಿಸಿದರೆ ನೀಲಿ ಆಗುತ್ತದೆ ಸಾರ್. ಆಮೇಲೆ ಸ್ವಲ್ಪ ಕಾಂಟ್ರಾಸ್ಟ್ ಏರಿಸಿದೆ, ಅಷ್ಟೇ.

ಹಳೇ ಸ್ಟುಡಿಯೋ (ದಾವಣಗೆರೆ):
ಅಷ್ಟೇ ಅಂದರೆ ಎಷ್ಟು? ಹಾಳೆಯಲ್ಲಿ ಬಂದ ಬಣ್ಣವೇ ಚಿತ್ರ. ನಾನಂತೂ ತಿರುಗಿಸುವುದೂ ಇಲ್ಲ. ಕಪ್ಪು ಲಕೋಟೆಯಲ್ಲಿ ಮೂಲ ಹಾಳೆ ಇಟ್ಟಿದ್ದೇನೆ, ಯಾರಾದರೂ ಮನೆಗೆ ಬಂದರೆ ಮಂದ ಬೆಳಕಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ತೋರಿಸಿ ಮುಚ್ಚುತ್ತೇನೆ.

ಹಂಚಿನಮನೆ (ತೀರ್ಥಹಳ್ಳಿ):
ಸಾರ್, ಹೈಪೋ ದ್ರಾವಣದಲ್ಲಿ ಅದ್ದಿ, ಮತ್ತೆ ಬೆಳಕಿಗೆ ಕಪ್ಪಾಗದ ಹಾಗೆ ಗಟ್ಟಿ ಮಾಡಬಹುದಲ್ವಾ? ನೀವು ಜೀವನವಿಡೀ ಅದನ್ನೇ ಮಾಡಿದವರು.

ಹಳೇ ಸ್ಟುಡಿಯೋ (ದಾವಣಗೆರೆ):
ಮಾಡಿದೆ ಮೇಡಂ, ಒಂದು ಹಾಳೆಗೆ. ತಾಮ್ರದ ಬಣ್ಣ ಪೂರ್ತಿ ಹೋಗಿ ತಿಳಿ ಹಳದಿ ಉಳಿಯಿತು. ಸಣ್ಣ ಗೆರೆಗಳು ಕಣ್ಣೆದುರೇ ಕರಗಿದವು. ಇನ್ನೊಂದಕ್ಕೆ ಕೈ ಹಾಕುವ ಧೈರ್ಯ ಬರಲಿಲ್ಲ.

ಹಿಮದೂರು (ಸ್ಟಾಕ್‌ಹೋಮ್):
ಅದಕ್ಕೇ ಸಾರ್ ಸ್ಕ್ಯಾನ್ ಬೇಕು ಅನ್ನೋದು. ನೀವು ಪ್ರತಿ ಸಲ ತೋರಿಸಿದಾಗಲೂ ಅದು ಸ್ವಲ್ಪ ಸಾಯುತ್ತಿದೆ. ನನ್ನದು ಸುಳ್ಳು ಅಂತ ಹೇಳುವ ಮೊದಲು ಯೋಚಿಸಿ.

ಮಾಳಿಗೆಮನೆ (ಮೈಸೂರು):
ಎಲ್ಲರಿಗೂ ಥ್ಯಾಂಕ್ಸ್. ದಯವಿಟ್ಟು ಜಗಳ ಬೇಡ. ನಾನು ಪೂರ್ವಕ್ಕೆ ಇಡ್ತೀನಿ, ಟೆರೇಸ್ ಒಳಗೇ. ಡಬ್ಬಿಯ ಮೇಲೆ ಕನ್ನಡದಲ್ಲೇ ಬರೀತೀನಿ. ಬೇವಿನ ಮರದ ವಿಷಯ ಯಾರೂ ಹೇಳಲಿಲ್ಲ.

ಕೋನಮಾನ (ಬೆಂಗಳೂರು):
ಪೂರ್ವಕ್ಕೆ ಇಟ್ಟರೆ ಮರ ಚಿತ್ರದ ಬಲ ಅಂಚಿಗೆ ಹೋಗುತ್ತದೆ. ಇರಲಿ ಬಿಡಿ. ಎಲೆ ಅಲ್ಲಾಡಿ ಹೊಗೆಯ ಹಾಗೆ ಕಾಣುತ್ತದೆ, ಕಾಂಡ ಮಾತ್ರ ಗಟ್ಟಿ.

ಹಂಚಿನಮನೆ (ತೀರ್ಥಹಳ್ಳಿ):
ತಿಂಗಳಿಗೊಮ್ಮೆ ರಂಧ್ರದಲ್ಲಿ ಕಡಜದ ಮಣ್ಣು ಇದೆಯಾ ಅಂತ ನೋಡಿ. ಡಬ್ಬಿ ಅಲ್ಲಾಡಿಸಬೇಡಿ. ಮುಚ್ಚಳಕ್ಕೆ ಎಂ-ಸೀಲ್, ಬರೀ ಟೇಪ್ ಅಲ್ಲ.

ಹಳೇ ಸ್ಟುಡಿಯೋ (ದಾವಣಗೆರೆ):
ವಿಳಾಸವನ್ನು ಇನ್‌ಬಾಕ್ಸ್‌ಗೆ ಕಳಿಸಿ. ಐದು ಹಾಳೆ ಕಳಿಸುತ್ತೇನೆ, ದುಡ್ಡು ಬೇಡ. 5x7 ಇಂಚು ಅಳತೆ, ಅಗಲದಲ್ಲಿ ಒಂದೂವರೆ ಸೆಂ.ಮೀ. ಕತ್ತರಿಸಿದರೆ ಕ್ಯಾನ್‌ಗೆ ಸರಿಯಾಗಿ ಕೂರುತ್ತದೆ. ಕಪ್ಪು ಲಕೋಟೆಯನ್ನು ಹಗಲಲ್ಲಿ ತೆರೆಯಬೇಡಿ. ತೀರ್ಥಹಳ್ಳಿ ಮೇಡಂಗೂ ಐದು ಹಾಳೆ ಕಳಿಸುತ್ತೇನೆ. ಒಂದಕ್ಕೊಂದು ಅಂಟಿದ್ದರೆ ಆಗ ಬಯ್ಯಲಿ.