ಅಜ್ಜಿ ಹೇಳಿದ ಕಥೇಲಿ ಒಂದು ಕಿರುಬೆರಳು ಕಡಿಮೆ, ಬರೆಯುವಾಗ ಸರಿಮಾಡಬೇಕಾ?

ಮಳವಳ್ಳಿ ಮೊಮ್ಮಗಳು:

ನಮ್ಮಜ್ಜಿ ಹೇಳುತ್ತಿದ್ದ ಕಥೆಗಳನ್ನು ಬರೆದಿಡೋಣ ಅಂತ ಕೂತೆ. ಮೊದಲನೇ ಕಥೆಗೇ ಸಿಕ್ಕಿಹಾಕಿಕೊಂಡಿದ್ದೇನೆ.

ಹೂವಿನ ಗಿಡವಾಗುವ ಹುಡುಗಿಯ ಕಥೆ ಅದು. ಉಗುರು ತಾಕಿಸದೆ ತಂದ ಒಂದು ಬಿಂದಿಗೆ ನೀರು ಹೊಯ್ದರೆ ಗಿಡವಾಗುತ್ತಾಳೆ, ಇನ್ನೊಂದು ಬಿಂದಿಗೆ ಹೊಯ್ದರೆ ಮತ್ತೆ ಹುಡುಗಿಯಾಗುತ್ತಾಳೆ. ರಾಜನ ಮಗ ಮದುವೆಯಾಗುತ್ತಾನೆ. ಆಮೇಲೆ ನಾದಿನಿ ಗೆಳತಿಯರ ಮುಂದೆ ಗಿಡವಾಗು ಅಂತ ಹಟ ಹಿಡಿದು, ಹೂವಿನ ಆಸೆಗೆ ಕೊಂಬೆಗಳನ್ನೆಲ್ಲ ಮುರಿದು, ಎರಡನೇ ಬಿಂದಿಗೆಯನ್ನು ಕಾಟಾಚಾರಕ್ಕೆ ಹೊಯ್ದು ಹೋಗಿಬಿಡುತ್ತಾಳೆ. ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಬಿದ್ದಿರುತ್ತಾಳೆ.

ಅವರೆಕಾಯಿ ಕಾಲದಲ್ಲಿ ರಾತ್ರಿ ನೆನೆಸಿದ ಕಾಳು ಹಿದುಕುತ್ತಾ ಅಜ್ಜಿ ಇದನ್ನು ಹೇಳುತ್ತಿದ್ದರು. ನಾವು ಹೂಂಗುಟ್ಟಬೇಕು, ಇಲ್ಲದಿದ್ದರೆ ಕಥೆ ಮುಂದಕ್ಕೆ ಹೋಗುತ್ತಿರಲಿಲ್ಲ. ಕೊಂಬೆ ಮುರಿಯುವ ಹೊತ್ತಿಗೆ ಅಜ್ಜಿಯ ಕೈ ನಿಂತುಹೋಗುತ್ತಿತ್ತು. ಕಾಳು ಹಿದುಕುವುದು ಬಿಟ್ಟು ಬರೀ ನೀರಲ್ಲಿ ಕೈಯಾಡಿಸುತ್ತಿದ್ದರು. ಕೊನೆಗೆ ಗಂಡ ಅವಳನ್ನು ಗುರುತು ಹಿಡಿದು, ನೀರು ಹೊಯ್ದು ಗಿಡ ಮಾಡಿ, ಮುರಿದದ್ದನ್ನೆಲ್ಲ ಜೋಡಿಸಿ, ಇನ್ನೊಂದು ಬಿಂದಿಗೆ ಹೊಯ್ಯುತ್ತಾನೆ. ಆಗ ಅಜ್ಜಿ, 'ಎಲ್ಲಾ ಕೊಂಬೆನೂ ಸಿಕ್ತು, ಒಂದು ಚಿಗುರುಕಡ್ಡಿ ಮಾತ್ರ ಸಿಕ್ನಿಲ್ಲ ಕಣವ್ವ' ಅಂತ ಎಡಗೈ ಎತ್ತಿ ತೋರಿಸುತ್ತಿದ್ದರು. ರಾಗಿ ಕುಯ್ಯುವಾಗ ಕುಡುಗೋಲು ತಾಕಿ ಅವರ ಕಿರುಬೆರಳು ಅರ್ಧ ಹೋಗಿತ್ತು. ಚಿಕ್ಕವಳಿದ್ದಾಗ ನಾನು ಆ ಹುಡುಗಿ ನಮ್ಮಜ್ಜಿಯೇ ಅಂದುಕೊಂಡಿದ್ದೆ.

ಮೊನ್ನೆ ಗಿರೀಶ ಕಾರ್ನಾಡರು 1992ರಲ್ಲಿ ಇದೇ ಕಥೆಯಿಂದ ಹಿಂದಿಯಲ್ಲಿ ಮಾಡಿದ 'ಚೆಲುವಿ' ಸಿನಿಮಾ ನೋಡಿದೆ. ಅದರಲ್ಲಿ ಅವಳು ಮತ್ತೆ ಮೊದಲಿನಂತೆ ಆಗುವುದೇ ಇಲ್ಲ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಸಂಗ್ರಹಿಸಿದ್ದನ್ನು ಓದಿದರೆ ಅಲ್ಲಿ ಪೂರ್ತಿ ವಾಸಿಯಾಗುತ್ತಾಳೆ. ಬೆರಳಿನ ಮಾತು ಎರಡರಲ್ಲೂ ಇಲ್ಲ. ನಮ್ಮಣ್ಣ 'ಅದು ಅಜ್ಜಿ ಸುಮ್ನೆ ಸೇರಿಸಿದ್ದು, ಪುಸ್ತಕದಲ್ಲಿ ಇರೋ ಹಾಗೆ ಬರಿ' ಅನ್ನುತ್ತಾನೆ. ನನಗೆ ಕೈ ಬರುತ್ತಿಲ್ಲ. ಏನು ಮಾಡಲಿ?

ಗಂಗೋತ್ರಿ ಹಳೇ ವಿದ್ಯಾರ್ಥಿ:

ದಯವಿಟ್ಟು ತೆಗೆಯಬೇಡಿ. ನಾನು ಮೈಸೂರಲ್ಲಿ ಜಾನಪದ ಎಂ.ಎ. ಮಾಡಿದವನು. ನಮಗೆ ಮೊದಲು ಹೇಳಿಕೊಟ್ಟದ್ದೇ ಇದು. ಬಾಯಲ್ಲಿರುವ ಕಥೆಗೆ ಇದೇ ಮೂಲ ಅಂತ ಒಂದಿರುವುದಿಲ್ಲ. ಮೈಸೂರಲ್ಲೇ ಹುಟ್ಟಿ ಬೆಳೆದ ರಾಮಾನುಜನ್ ಅವರಿಗೂ ಈ ಕಥೆ ಒಂದೇ ರೂಪದಲ್ಲಿ ಸಿಕ್ಕಿರಲಿಲ್ಲ, ಕರ್ನಾಟಕದ ಬೇರೆ ಬೇರೆ ಕಡೆ ಹಲವು ರೂಪಗಳು ಸಿಕ್ಕಿದ್ದವು. ಅಚ್ಚಾಗಿರುವುದು ಅವುಗಳಲ್ಲಿ ಒಂದು, ನಿಮ್ಮಜ್ಜಿಯದು ಇನ್ನೊಂದು. ಇಂಥ ಕಥೆಗಳನ್ನು ಅವರು ಹೆಂಗಸರ ಕಥೆಗಳು ಅಂತ ಗುರುತಿಸಿದರು. ಹೆಂಗಸರು ಹೆಂಗಸರಿಗೆ, ಮಕ್ಕಳಿಗೆ ಹೇಳಿದ್ದು. ಹೇಳುವವಳ ಬದುಕು ಅದರಲ್ಲಿ ಬಂದೇ ಬರುತ್ತದೆ.

ಬರೆಯುವಾಗ ವಕ್ತೃವಿನ, ಅಂದರೆ ಕಥೆ ಹೇಳಿದವರ ಹೆಸರು, ಊರು, ಆಗಿನ ವಯಸ್ಸು, ಅವರು ಯಾರಿಂದ ಕೇಳಿದ್ದು, ಇಷ್ಟನ್ನು ಮೇಲೆ ಹಾಕಿ. ಮಾತನ್ನು ತಿದ್ದಬೇಡಿ. 'ಸಿಕ್ನಿಲ್ಲ' ಅಂದದ್ದನ್ನು 'ಸಿಗಲಿಲ್ಲ' ಮಾಡಿದರೆ ಅಜ್ಜಿ ಅಲ್ಲಿಂದ ಎದ್ದು ಹೋದ ಹಾಗೆ. ಬೆರಳು ತೋರಿಸುತ್ತಿದ್ದರು, ಕೈ ನಿಲ್ಲುತ್ತಿತ್ತು ಅನ್ನುವುದನ್ನೂ ಬರೆಯಿರಿ.

ಪುರದ ಕಡೆಯವನು:

ತಂಗಿ, ನಮ್ಮೂರು ಬೊಪ್ಪೇಗೌಡನಪುರದ ಹತ್ತಿರ. ಮಂಟೇಸ್ವಾಮಿ ಅಂದ್ರೆ ನಮ್ಮ ಕಡೆ ಪೂಜಿಸುವ ಸಂತ. ಅವರ ಒಕ್ಕಲಿನ ಹಾಡುಗಾರರಾದ ನೀಲಗಾರರು ತಂಬೂರಿ ಹಿಡಿದು ಆ ಕಥೆ ಹಾಡೋದನ್ನ ಚಿಕ್ಕಂದಿನಿಂದ ಕೇಳಿದ್ದೇನೆ. ಅದೇ ಕಥೆ, ಅದೇ ಸೊಲ್ಲು, ಆದರೂ ಒಂದು ಮೇಳ ಹಾಡಿದ ಹಾಗೆ ಇನ್ನೊಂದು ಹಾಡಲ್ಲ. ಒಬ್ಬರು ಶಿಷ್ಯ ರಾಚಪ್ಪಾಜಿ ಸಾಲನ್ನು, ಅಂದ್ರೆ ಅವರ ಕಥೆಯ ಭಾಗವನ್ನು, ಅರ್ಧ ರಾತ್ರಿ ಎಳೆಯುತ್ತಾರೆ, ಇನ್ನೊಬ್ಬರು ಮತ್ತೊಬ್ಬ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷಕ್ಕೆ ಹೋಗೋದನ್ನ ಎಳೆಯುತ್ತಾರೆ. ಕೂತು ಕೇಳುವ ಜನ ಯಾರೂ ಇದು ತಪ್ಪು ಅಂದದ್ದು ನಾನು ಕಂಡಿಲ್ಲ. ಹೋದ ವರ್ಷ ಹಾಡಿದವರ ದನಿ ಚೆನ್ನಾಗಿತ್ತು ಅಂತಾರೆ ಅಷ್ಟೆ. ನಿಮ್ಮಣ್ಣನಿಗೆ ಇದನ್ನ ಹೇಳಿ.

ಕುವೆಂಪುನಗರದಿಂದ:

ನನ್ನದು ಸ್ವಲ್ಪ ಬೇರೆ ಮಾತು. ಸಿನಿಮಾದ ಮೇಲೆ ಬೇಜಾರು ಬೇಡ. ಮರಗಳೇ ಹೋಗುತ್ತಿರುವ ಕಾಲದಲ್ಲಿ ನಿಂತು, ಕಡಿದ ಮೇಲೆ ಕೂಡಿಸುವುದಕ್ಕೆ ಆಗುವುದಿಲ್ಲ ಅಂತ ಕಾರ್ನಾಡರು ಹೇಳಿದ್ದಾರೆ ಅಂತ ನನಗೆ ಅನ್ನಿಸಿತು. ಅವರೂ ಒಬ್ಬ ಕಥೆ ಹೇಳುವವರೇ ಅಲ್ವಾ? ಆದರೆ ನಿಮ್ಮ ಕಡೆಯಿಂದ ಒಂದು ಎಚ್ಚರ ಇರಲಿ. ನೆನಪು ಮೋಸ ಮಾಡುತ್ತದೆ. ಅಜ್ಜಿ ಹೇಳಿದ್ದೆಷ್ಟು, ನೀವು ಮಗುವಾಗಿದ್ದಾಗ ಕಟ್ಟಿಕೊಂಡದ್ದೆಷ್ಟು ಅಂತ ನೋಡಿಕೊಳ್ಳಿ. ಮನೆಯಲ್ಲಿ ಇದೇ ಕಥೆ ಕೇಳಿದ ಹಿರಿಯರು ಇನ್ನೂ ಇದ್ದರೆ ಈಗಲೇ ಕೇಳಿ. ಫೋನಲ್ಲೇ ರೆಕಾರ್ಡ್ ಮಾಡಿ. ನಮ್ಮಮ್ಮ ರಾಗಿ ಬೀಸುವಾಗ ಒಂದು ಪದ ಹಾಡುತ್ತಿದ್ದರು. ನನಗೆ ಅದರ ದಾಟಿ ಮಾತ್ರ ಉಳಿದಿದೆ, ಮಾತು ಒಂದೂ ಇಲ್ಲ. ನಾಳೆ ಕೇಳೋಣ, ನಾಳೆ ಕೇಳೋಣ ಅಂತಲೇ ಅವರು ಹೋಗಿಬಿಟ್ಟರು.

ಮಳವಳ್ಳಿ ಮೊಮ್ಮಗಳು:

ನಿಮ್ಮ ಮಾತು ಕೇಳಿ ನಿನ್ನೆ ರಾತ್ರಿ ಕೆರಗೋಡಿನಲ್ಲಿರುವ ನಮ್ಮತ್ತೆಗೆ ಫೋನ್ ಮಾಡಿದೆ. ಅಪ್ಪನ ಅಕ್ಕ, ಎಪ್ಪತ್ತೆರಡು ವರ್ಷ. ಕಥೆ ಹೇಳಿ ಅಂದ ತಕ್ಷಣ ಶುರುಮಾಡಿದರು. ಉಗುರು ತಾಕಿಸದ ಬಿಂದಿಗೆ, ನಾದಿನಿ, ಎಲ್ಲ ಹಾಗೇ ಇದೆ. ಕೊನೆಗೆ ಬಂದಾಗ, 'ಎಲ್ಲಾ ಕೊಂಬೆನೂ ಸಿಕ್ತು, ಚಿನ್ನದ ಬೊಂಬೆ ಹಂಗೆ ಎದ್ದು ನಿಂತ್ಕೊಂಡ್ಲು' ಅಂದರು.

'ಅತ್ತೆ, ಕಿರುಬೆರಳು?' ಅಂದೆ. ಅತ್ತೆಗೆ ಅರ್ಥವೇ ಆಗಲಿಲ್ಲ. ನಾನು ಬಿಡಿಸಿ ಹೇಳಿದೆ. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು, ಅಜ್ಜಿಯ ಬೆರಳು ಹೋದದ್ದು ಅತ್ತೆ ಮದುವೆಯಾಗಿ ಹೋದ ಮೇಲಿನ ಸುಗ್ಗಿಯಲ್ಲಂತೆ. ಅದಕ್ಕೆ ಮುಂಚೆ ಕೇಳಿದ ಮಕ್ಕಳಿಗೆಲ್ಲ ಹುಡುಗಿ ಪೂರ್ತಿ ವಾಸಿಯಾಗಿದ್ದಳು.

'ಅವ್ವ ಹಂಗಂತಿದ್ಲಾ? ಇನ್ನೊಂದ್ಸಲ ಹೇಳು' ಅಂದರು ಅತ್ತೆ. ಅಜ್ಜಿ ಹೇಳುತ್ತಿದ್ದ ಹಾಗೆಯೇ ಮೊದಲಿಂದ ಹೇಳಿದೆ. ಅತ್ತೆ ಕೊನೆಯವರೆಗೂ ಹೂಂಗುಟ್ಟಿದರು. ಎರಡೂ ರೆಕಾರ್ಡ್ ಆಗಿವೆ. ಎರಡನ್ನೂ ಬರೆಯುತ್ತೇನೆ, ಅತ್ತೆಯದು ಮೊದಲು.