ನೆಟ್‌ಲೋಗೋದಲ್ಲಿ ಕೆರೆ ಅಚ್ಚುಕಟ್ಟು: ಸರದಿ ನಿಯಮ ಹಾಕಿದರೂ ಬಿಟ್ಟರೂ ಫಲಿತಾಂಶ ಒಂದೇ, ಯಾಕೆ?

ತೂಬುಗಲ್ಲು:
ನೆಟ್‌ಲೋಗೋ ಅಂದರೆ ಏಜೆಂಟ್‌ಗಳನ್ನು (ಇಲ್ಲಿ ರೈತರು) ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ತಂತ್ರಾಂಶ. ಅದರಲ್ಲಿ ನನ್ನ ಮಾದರಿ: ಒಂದು ಕೆರೆ, ಒಂದೇ ತೂಬು, ಒಂದು ಮಣ್ಣಿನ ಕಾಲುವೆ, ಉದ್ದಕ್ಕೂ 40 ರೈತರು, ಎಲ್ಲರಿಗೂ 1 ಹೆಕ್ಟೇರ್ ಭತ್ತ. ಟಿಕ್ ಅಂದರೆ ಒಂದು ದಿನ, ಹಂಗಾಮು 120 ದಿನ. ಹೆಕ್ಟೇರಿಗೆ ದಿನಕ್ಕೆ 100 ಘನ ಮೀಟರ್ ನೀರು. ಮೊದಲ ನಿಯಮದಲ್ಲಿ ಯಾರು ಎಷ್ಟು ಬೇಕಾದರೂ ತಿರುಗಿಸಿಕೊಳ್ಳಬಹುದು. ಎರಡನೆಯದರಲ್ಲಿ ನೀರುಗಂಟಿಯ (ಊರಿನ ನೀರು ಹಂಚಿ ಕಾಯುವವನ) ಸರದಿ. ಕದ್ದು ಸಿಕ್ಕಿಬಿದ್ದರೆ 500 ರೂ. ದಂಡ, ಸಿಕ್ಕಿಬೀಳುವ ಸಂಭವ 0.1. ಒಂದು ಕಳವಿನ ಲಾಭ 80 ರೂ. ಎರಡರಲ್ಲೂ ಕಾಲುವೆ ಕೊನೆಯವರ ಇಳುವರಿ ತಲೆಭಾಗದವರಷ್ಟೇ ಬರುತ್ತಿದೆ, ಕಳವೂ ನಿಲ್ಲುತ್ತಿಲ್ಲ.

ಕೋಡಿಹರಿವು:
ರೈತರನ್ನು ಕರೆಯಲು ಆಸ್ಕ್ (ask) ಆದೇಶ ಬಳಸಿದ್ದೀರಿ ಅನ್ನಿಸುತ್ತದೆ. ಅದು ಪ್ರತಿ ಟಿಕ್‌ನಲ್ಲೂ ಏಜೆಂಟ್‌ಗಳನ್ನು ಕಲೆಸಿ ಕರೆಯುತ್ತದೆ. ಇವತ್ತು ಕೊನೆಯವನಿಗೆ ಮೊದಲ ನೀರು, ನಾಳೆ ನಡುವಿನವನಿಗೆ. ನಿಮಗೇ ಗೊತ್ತಿಲ್ಲದೆ ನ್ಯಾಯವಾದ ಸರದಿ ಕೋಡಿನೊಳಗೆ ಕೂತುಬಿಟ್ಟಿದೆ! ಸಾರ್ಟ್-ಆನ್ (sort-on) ಆದೇಶದಿಂದ ತೂಬಿನ ದೂರದ ಪ್ರಕಾರ ಸಾಲು ಮಾಡಿ, ಫೋರೀಚ್‌ನಲ್ಲಿ (foreach) ಒಬ್ಬೊಬ್ಬರನ್ನೇ ಕರೆಯಿರಿ. ಪ್ರತಿ ಗದ್ದೆ ದಾಟುವಾಗ ಶೇ. 1 ಇಂಗಿಸಿ, 40ನೆಯವರನ್ನು ಮುಟ್ಟುವಷ್ಟರಲ್ಲಿ ಮೂರನೇ ಒಂದು ಭಾಗ ಹೋಗಿರುತ್ತದೆ.

ಕೆರೆಯಲ್ಲಿ ಎಷ್ಟು ನೀರಿಟ್ಟಿದ್ದೀರಿ? ಬೇಡಿಕೆಯೇ 4.8 ಲಕ್ಷ ಘನ ಮೀಟರ್. ಅದಕ್ಕಿಂತ ಧಾರಾಳವಾಗಿದ್ದರೆ ಯಾವ ನಿಯಮಕ್ಕೂ ಕೆಲಸವಿಲ್ಲ. 3 ಲಕ್ಷಕ್ಕೆ ಇಳಿಸಿ ನೋಡಿ.

ಲೆಕ್ಕದ ಪುಸ್ತಕ:
ದಂಡದ ತಪ್ಪು ಬರೀ ಗುಣಾಕಾರ. 0.1 × 500 = 50, ಲಾಭ 80. ಕದಿಯದವನೇ ದಡ್ಡ. ಸಂಭವವನ್ನು 0.2 ಮಾಡಿದರೆ ಎಲ್ಲರೂ ಒಂದೇ ದಿನ ಸಾಧುಗಳಾಗುತ್ತಾರೆ, ಅದೂ ಸುಳ್ಳು. ಸಂಭವವನ್ನು ಏಜೆಂಟ್‌ಗೆ ನೇರವಾಗಿ ಹೇಳಬೇಡಿ. ಅಕ್ಕಪಕ್ಕದವರು ಸಿಕ್ಕಿಬಿದ್ದದ್ದನ್ನು ನೋಡಿ ತಾನೇ ಅಂದಾಜು ತಿದ್ದಿಕೊಳ್ಳಲಿ. ದಂಡವೂ ಏರಿಕೆಯಲ್ಲಿರಲಿ: ಮೊದಲು ಎಚ್ಚರಿಕೆ, ಆಮೇಲೆ ಸಣ್ಣ ದಂಡ, ಮೂರನೆಯ ಸಲ ಒಂದು ಸರದಿ ನೀರು ಕಟ್. ಹಂಚಿಕೊಂಡು ಬಳಸುವ ನೀರು, ಕಾಡುಗಳ ನಿರ್ವಹಣೆಯನ್ನು ಅಧ್ಯಯನ ಮಾಡಿದ ಎಲಿನೋರ್ ಆಸ್ಟ್ರಮ್ 1990ರಲ್ಲಿ ಪಟ್ಟಿ ಮಾಡಿದ 8 ಸೂತ್ರಗಳಲ್ಲಿ ಇದೂ ಒಂದು.

ತೂಬುಗಲ್ಲು:
ಸಾರ್ಟ್-ಆನ್ ಹಾಕಿದೆ, ಬಾಲಭಾಗ ಒಣಗಿತು. ನೀರುಗಂಟಿಯ ಕೂಲಿಯನ್ನು ಯಾರ ಲೆಕ್ಕದಲ್ಲಿ ಕಳೆಯಲಿ?

ಲೆಕ್ಕದ ಪುಸ್ತಕ:
ಹಳೇ ಮೈಸೂರಿನ ಕಡೆ ರೂಢಿಯಂತೆ ಸುಗ್ಗಿಯಲ್ಲಿ ಪ್ರತಿ ರೈತನ ಕಣದಿಂದ ಕಾಳು. ಬೆಳೆ ಹೋದವನು ಕೊಡಲಾರ, ಕೂಲಿ ಇಳಿದರೆ ಮುಂದಿನ ವರ್ಷ ಕಾವಲೂ ಇಳಿಯುತ್ತದೆ. ಈ ಸುತ್ತನ್ನು ಬಿಡಬೇಡಿ. ಇನ್ನೊಂದು: ಎಲ್ಲರಿಗೂ 1 ಹೆಕ್ಟೇರ್ ಕೊಟ್ಟು ಜಾತಿ, ಜಮೀನು ಎರಡನ್ನೂ ಅಳಿಸಿದ್ದೀರಿ. ನೀರುಗಂಟಿಗಳು ಹೆಚ್ಚಾಗಿ ದಲಿತರು. ತಲೆಭಾಗದ ದೊಡ್ಡ ಹಿಡುವಳಿದಾರನನ್ನು ಹಿಡಿದುಕೊಡುವುದು ಅವರಿಗೆ ಸುಲಭವಲ್ಲ. ಹಿಡುವಳಿ ಹೆಚ್ಚಿದಂತೆ ಸಿಕ್ಕಿಬೀಳುವ ಸಂಭವ ಇಳಿಯಲಿ.

ಕೋಡಿಹರಿವು:
ಹೋಲಿಸುವ ಮುಂಚೆ ಇದೊಂದು: ಮಳೆಯನ್ನು ಸೆಟಪ್‌ನಲ್ಲೇ (ಓಟ ಶುರುವಾಗುವ ಮುಂಚಿನ ಸಿದ್ಧತೆಯಲ್ಲಿ) ಪಟ್ಟಿ ಮಾಡಿಡಿ. ನಡುವೆ ರ್‍ಯಾಂಡಮ್ ಕರೆದರೆ, ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸಾಲನ್ನು ಶುರುಮಾಡುವ ಸಂಖ್ಯೆ) ಒಂದೇ ಇದ್ದರೂ ಕಳವಿನ ನಿರ್ಧಾರಗಳು ಸಂಖ್ಯೆಗಳನ್ನು ಬಳಸಿಕೊಂಡು ಎರಡು ನಿಯಮಕ್ಕೆ ಎರಡು ಬೇರೆ ಮಳೆ ಸುರಿಯುತ್ತದೆ. ಆಮೇಲೆ ಬಿಹೇವಿಯರ್‌ಸ್ಪೇಸ್‌ನಲ್ಲಿ (ಮಾದರಿಯನ್ನು ಹಲವು ಸಲ ಓಡಿಸುವ ನೆಟ್‌ಲೋಗೋ ಸಾಧನ) ಅವೇ 50 ಮಳೆ ಪಟ್ಟಿಗಳನ್ನು ಎರಡೂ ನಿಯಮಕ್ಕೆ ಓಡಿಸಿ. ಸರಾಸರಿ ಇಳುವರಿ ಒಂದನ್ನೇ ನೋಡಬೇಡಿ, ಕೊನೆಯ 10 ಜನರದ್ದನ್ನು ಬೇರೆಯಾಗಿ ಬರೆಸಿ.