ಪದಚರ್ಚೆ: ಕೋಡ್ ಹೆಸರಿಗೆ ವಿಭಕ್ತಿ ಪ್ರತ್ಯಯ ಹಚ್ಚುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಲೆಕ್ಷನ್ಸ್ ಲೈಬ್ರರಿಯ ಕೈಪಿಡಿಯನ್ನು ರಾಯಚೂರಿನಲ್ಲಿ ನಾವು ಕೆಲವರು ಸೇರಿ ಕನ್ನಡಕ್ಕೆ ತರುತ್ತಿದ್ದೇವೆ. ಡೆಕ್, ಕೌಂಟರ್, ಡಿಫಾಲ್ಟ್‌ಡಿಕ್ಟ್, ನೇಮ್ಡ್‌ಟಪಲ್ ಮುಂತಾದ ದತ್ತರಚನೆಗಳ ವಿವರಣೆ ಅದು. ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಕ್ಕೆ ಬರುವ ಹುಡುಗ ಹುಡುಗಿಯರಿಗಾಗಿ ಮಾಡುತ್ತಿರುವ ಕೆಲಸ. ಅನುವಾದ ಬಹುಪಾಲು ಮುಗಿದಿದೆ, ಈಗ ಮಾರ್ಕಪ್ (ಪುಟ ಹೇಗೆ ಕಾಣಬೇಕೆಂದು ಹೇಳುವ ಗುರುತುಗಳು) ಹಸನು ಮಾಡುತ್ತಿದ್ದೇವೆ. ಅಲ್ಲಿ ಎದ್ದ ಪ್ರಶ್ನೆ ಕಂಪ್ಯೂಟರಿನದಲ್ಲ, ಕನ್ನಡದ್ದು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕೋಡ್ ಫಾಂಟಿನಲ್ಲಿ, ರೋಮನ್ ಲಿಪಿಯಲ್ಲಿ ಇರುವ ಹೆಸರಿಗೆ ನಮ್ಮ ಅನ್ನು, ಇಂದ, ಗೆ, ಅಲ್ಲಿ ಪ್ರತ್ಯಯಗಳನ್ನು ಹೇಗೆ ಸೇರಿಸಬೇಕು? ಅಂಟಿಸಿಯೋ, ಬಿಡಿಸಿಯೋ, ನಡುವೆ ಅಡ್ಡಗೆರೆ ಎಳೆದೋ?

ತೊಡಕು ಎಲ್ಲಿದೆ ಎಂದು ಹೇಳುತ್ತೇನೆ. ಈ ಕೈಪಿಡಿ ಇರುವುದು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಮಾರ್ಕಪ್‌ನಲ್ಲಿ. ಅದರಿಂದ ಪುಟ ಕಟ್ಟಿಕೊಡುವುದು ಸ್ಫಿಂಕ್ಸ್, 2008ರಲ್ಲಿ ಪೈಥಾನ್ ಕೈಪಿಡಿಗೆಂದೇ ಹುಟ್ಟಿದ ಸಾಧನ. ಕೋಡ್ ಹೆಸರಿನ ಹಿಂದೆ ಮುಂದೆ ಜೋಡಿ ಬ್ಯಾಕ್‌ಟಿಕ್ (`` ಗುರುತು) ಹಾಕಬೇಕು. ಮುಚ್ಚುವ ಜೋಡಿಯ ಬೆನ್ನಿಗೆ ಖಾಲಿ ಜಾಗವೋ, ಚುಕ್ಕೆ, ಅಲ್ಪವಿರಾಮ, ಅಡ್ಡಗೆರೆಯಂಥ ಚಿಹ್ನೆಯೋ ಇರಲೇಬೇಕು. ಅಕ್ಷರ ಬಂದರೆ ಹೆಸರು ಮುಗಿಯಿತೆಂದು ಸ್ಫಿಂಕ್ಸ್ ಒಪ್ಪುವುದಿಲ್ಲ. ಈ ವಾಕ್ಯ ನೋಡಿ (ಮೂಲದಲ್ಲಿ ಹೆಸರುಗಳು ರೋಮನ್‌ನಲ್ಲಿವೆ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ):

``ಅಪೆಂಡ್``ನಿಂದ ಬಲಕ್ಕೆ ಸೇರಿಸಿ, ಎಡದಿಂದ ತೆಗೆಯಲು ``ಪಾಪ್‌ಲೆಫ್ಟ್`` ಬಳಸಿ.

ಅಪೆಂಡ್ ಮುಂದಿನ ಬ್ಯಾಕ್‌ಟಿಕ್‌ಗೆ ‘ನಿಂದ’ ತಾಗಿದೆ, ಹಾಗಾಗಿ ಅದು ಮುಚ್ಚಲಿಲ್ಲ. ಮುಚ್ಚುಗುರುತು ಹುಡುಕುತ್ತ ಹೋದ ಸ್ಫಿಂಕ್ಸ್‌ಗೆ ಅದು ಸಿಗುವುದು ಪಾಪ್‌ಲೆಫ್ಟ್ ಆದ ಮೇಲೆಯೇ. ‘ಅಪೆಂಡ್’ನಿಂದ ‘ಪಾಪ್‌ಲೆಫ್ಟ್’ವರೆಗಿನ ಮಾತೆಲ್ಲ, ನಡುವಿನ ಬ್ಯಾಕ್‌ಟಿಕ್‌ಗಳ ಸಮೇತ, ಕೋಡ್ ಫಾಂಟಿನಲ್ಲಿ ಮೂಡುತ್ತದೆ. ಎಚ್ಚರಿಕೆಯೂ ಬರುವುದಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ತೆರೆದದ್ದು ಮುಚ್ಚಿದೆ. ಅದೇ ಪ್ಯಾರಾದಲ್ಲಿ ಮುಂದೆ ಸರಿಯಾಗಿ ಮುಚ್ಚಿದ ಹೆಸರು ಇಲ್ಲದಿದ್ದರೆ ಮಾತ್ರ ದೂರು ಬರುತ್ತದೆ. ಪ್ರತ್ಯಯ ಬಿಡಿಯಾಗಿ ನಿಲ್ಲುವ ಇಂಗ್ಲಿಷಿನಲ್ಲಿ ಈ ಪ್ರಸಂಗ ಅಪರೂಪ. ನಮ್ಮಲ್ಲಿ ಸಾಲಿಗೊಂದು.

ಇದನ್ನು ತಪ್ಪಿಸಲು ಕೆಲವು ಪುಟಗಳಲ್ಲಿ ಪ್ರತ್ಯಯವನ್ನೂ ಬ್ಯಾಕ್‌ಟಿಕ್ ಒಳಗೇ ಸೇರಿಸಿದ್ದಾರೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಕೋಡ್ ಫಾಂಟಿನಲ್ಲಿ ಕಂಡದ್ದನ್ನು ಹೊಸಬರು ಮೊಬೈಲಿನಿಂದ ಹಾಗೇ ನಕಲು ಮಾಡುತ್ತಾರೆ. ಪೈಥಾನ್ 3ರಲ್ಲಿ ಹೆಸರುಗಳಿಗೆ ಕನ್ನಡ ಅಕ್ಷರವೂ ನಡೆಯುತ್ತದೆ. ಹಾಗಾಗಿ ‘ನಲ್ಲಿ’ ಅಂಟಿದ ಲಿಸ್ಟ್ ಎಂಬ ಹೆಸರನ್ನು ಕೊಟ್ಟರೆ ಪೈಥಾನ್ ಬರವಣಿಗೆ ತಪ್ಪು ಎನ್ನುವುದಿಲ್ಲ, ಈ ಹೆಸರು ಎಲ್ಲೂ ಗೊತ್ತಿಲ್ಲ ಎನ್ನುತ್ತದೆ. ಪುಸ್ತಕದಲ್ಲಿ ಇದ್ದಂತೆಯೇ ಬರೆದ ಹುಡುಗಿಗೆ ಏನು ತಪ್ಪಾಯಿತೆಂದು ತಿಳಿಯುವ ದಾರಿಯೇ ಇಲ್ಲ. ಪ್ರತ್ಯಯ ಎಲ್ಲಿ ನಿಲ್ಲಬೇಕೆಂಬ ಚರ್ಚೆಗೆ ಇಷ್ಟು ತೂಕ ಕೊಡುತ್ತಿರುವುದು ಈ ಕಾರಣಕ್ಕೆ.

ಉಳಿದ ದಾರಿಗಳಲ್ಲಿ ಜಾಲದಲ್ಲಿ ಹೆಚ್ಚು ಕಾಣುವುದು ಜಾಗ ಬಿಟ್ಟು ಬರೆಯುವುದು. ‘ಅನ್ನು’ ಹೇಗೋ ಒಂಟಿಯಾಗಿ ನಿಂತೀತು. ‘ಗೆ’, ‘ನ’ ನಿಲ್ಲುವುದಿಲ್ಲ, ಸಣ್ಣ ಪರದೆಯಲ್ಲಿ ಸಾಲು ಮುರಿದಾಗ ಮುಂದಿನ ಸಾಲಿನ ತಲೆಗೆ ಬರೀ ‘ಗೆ’ ಬಂದು ಕೂಡುತ್ತದೆ. ಅಡ್ಡಗೆರೆಯನ್ನು ಸ್ಫಿಂಕ್ಸ್ ಒಪ್ಪುತ್ತದೆ, ಆದರೆ ಕೌಂಟರ್ ಪುಟದಲ್ಲಿ ಒಂದು ಕೌಂಟರಿನಿಂದ ಇನ್ನೊಂದನ್ನು ಕಳೆಯಲು ಬಳಸುವ ಚಿಹ್ನೆಯೇ ಅದು. ಹೆಸರಿನ ಪಕ್ಕದಲ್ಲೇ ಗೆರೆ ಕಂಡರೆ ಕಳೆಯುವುದೋ ಪ್ರತ್ಯಯವೋ ಎಂದು ಓದುಗರು ನಿಲ್ಲಬೇಕಾಗುತ್ತದೆ.

‘``ಅಪೆಂಡ್`` ಮೆಥಡ್ಡಿನಿಂದ’, ‘``ಕೌಂಟರ್`` ಕ್ಲಾಸಿನಲ್ಲಿ’ ಎಂದು ನಡುವೆ ಒಂದು ನಾಮಪದ ಇಟ್ಟು ಅದಕ್ಕೆ ಪ್ರತ್ಯಯ ಹಚ್ಚುವುದು ಮೊದಲ ಉಲ್ಲೇಖಕ್ಕೆ ಚೆಂದ. ಪ್ರತಿ ವಾಕ್ಯದಲ್ಲೂ ಹಾಗೇ ಮಾಡಿದರೆ ಭಾಷೆ ಸರ್ಕಾರಿ ಸುತ್ತೋಲೆಯಂತೆ ಭಾರವಾಗುತ್ತದೆ.

ನನ್ನ ಒಲವು ಅಂಟಿಸುವುದರ ಕಡೆಗೆ. ಮುಚ್ಚುವ ಬ್ಯಾಕ್‌ಟಿಕ್ ಆದ ಮೇಲೆ ಒಂದು ಬ್ಯಾಕ್‌ಸ್ಲ್ಯಾಷ್, ಒಂದು ಖಾಲಿ ಜಾಗ, ಆಮೇಲೆ ಪ್ರತ್ಯಯ ಬರೆದರೆ ಆ ಎರಡೂ ಪುಟದಲ್ಲಿ ಮಾಯವಾಗುತ್ತವೆ. ಹೆಸರು ಕೋಡ್ ಫಾಂಟಿನಲ್ಲಿ, ಪ್ರತ್ಯಯ ಸಾದಾ ಅಕ್ಷರದಲ್ಲಿ, ಎರಡೂ ಕೂಡಿಕೊಂಡು ಕಾಣುತ್ತವೆ. ಮೂಲ ಕಡತ ಓದಲು ಸ್ವಲ್ಪ ಒರಟಾಗುತ್ತದೆ, ಆ ಶ್ರಮ ನಮ್ಮದು, ಓದುಗರದ್ದಲ್ಲ. ಪದಗಳ ನಡುವೆ ಜಾಗ ಬಿಡದ ಜಪಾನಿ, ಚೀನೀ ಭಾಷೆಗಳಿಗೆಂದು ಈ ನಿಯಮ ಸಡಿಲಿಸುವ ಸೆಟ್ಟಿಂಗ್ ಕೂಡ ಇದೆ. ಅದನ್ನು ಹಾಕಿದರೆ ಗುಣಾಕಾರಕ್ಕೆ ಬಳಸಿದ ನಕ್ಷತ್ರ ಚಿಹ್ನೆಗಳ ನಡುವಿನದೂ ಓರೆ ಅಕ್ಷರವಾಗುವ ಅಪಾಯವಿದೆ, ಅದಕ್ಕೆ ಕೈ ಹಾಕಿಲ್ಲ.

ಇಷ್ಟಾದ ಮೇಲೆ ಉಳಿಯುವುದು ಪ್ರತ್ಯಯದ ರೂಪ. ಯಶಸ್ಸು, ಸಂಪತ್ತು, ಬಸ್ಸು, ಲಿಸ್ಟು ಎಂದು ವ್ಯಂಜನದ ಕೊನೆಗೆ ಉಕಾರ ಕೊಟ್ಟು ನಮ್ಮದಾಗಿಸಿಕೊಳ್ಳುವುದು ಕನ್ನಡದ ಜಾಯಮಾನ. ಲ್ಯಾಬಿನಲ್ಲಿ ಹುಡುಗರು ‘ಡೆಕ್ಕಿನಾಗ ಎಡಕ್ಕ ಹಾಕು, ಬಲಕ್ಕಿಂದ ತೆಗಿ’ ಎಂದು ಸಲೀಸಾಗಿ ಆಡುತ್ತಾರೆ. ಆದರೆ ರೋಮನ್ ಹೆಸರಿನ ಮುಂದೆ ‘ಕ್ಕಿನಲ್ಲಿ’ ಎಂದು ಬರೆಯಲಾಗದು. ಹಾಗಾಗಿ ‘ನಲ್ಲಿ, ಗೆ, ನಿಂದ, ಅನ್ನು’ ಎಂಬ ದ್ವಿತ್ವವಿಲ್ಲದ ರೂಪಗಳೇ ಗತಿ.

ಅಲ್ಲೂ ಉಚ್ಚಾರಣೆಯ ಜಗಳವಿದೆ. ಡೆಕ್ ಎಂಬುದರ ಇಂಗ್ಲಿಷ್ ಕಾಗುಣಿತ ನೋಡಿದವರು ‘ಡೀಕ್ಯೂ’ ಎಂದು ಓದಿ ‘ವನ್ನು’ ಹಚ್ಚುತ್ತಾರೆ. ಅದನ್ನು ಡೆಕ್ ಎಂದೇ ಓದಬೇಕೆಂದು ಮೂಲ ಕೈಪಿಡಿ ಹೇಳುತ್ತದೆ, ಆದ್ದರಿಂದ ‘ಅನ್ನು’ ಸರಿ. ಅಂಕಿಗಳಿಗೆ ನಾವು ಮೊದಲಿನಿಂದ ಮಾಡುತ್ತ ಬಂದದ್ದೂ ಇದನ್ನೇ: 2010ರಲ್ಲಿ, 8ಕ್ಕೆ, 0ಯಿಂದ ಎಂದು ಬಾಯಲ್ಲಿ ಹೇಳುವ ಪದ ನೋಡಿ ಪ್ರತ್ಯಯ ಹಚ್ಚುತ್ತೇವೆ, ಅಂಕಿಯ ಆಕಾರ ನೋಡಿ ಅಲ್ಲ. ಅದೇ ನಿಯಮದ ಪ್ರಕಾರ ``ಕಾಪಿ`` ಮುಂದೆ ‘ಯನ್ನು’, ``ರಿಮೂವ್`` ಮುಂದೆ ‘ಅನ್ನು’ ಎಂದು ಬರೆಯಲು ಹೊರಟಿದ್ದೇವೆ.

ಬಲ್ಲವರು ಎರಡು ವಿಷಯ ತಿಳಿಸಬೇಕು. ಓದುಗರಿಗೆ ಉಚ್ಚಾರಣೆ ಗೊತ್ತಿರದ ಹೆಸರುಗಳಿಗೂ ಧ್ವನಿಯ ನಿಯಮವೇ ಇರಲೋ, ಅಥವಾ ಎಲ್ಲ ಕೋಡ್ ಹೆಸರಿಗೂ ಒಂದೇ ಸಿದ್ಧರೂಪ ಗೊತ್ತುಮಾಡುವುದು ವಾಸಿಯೋ? ಇನ್ನು ಬಹುವಚನ: ``ಟಪಲ್`` ಮುಂದೆ ‘ಗಳಲ್ಲಿ’ ಎಂದು ಅಂಟಿಸಿದರೆ ಆ ಹೆಸರಿನ ಕ್ಲಾಸೇ (ದತ್ತರಚನೆಯ ಮಾದರಿಯೇ) ಹಲವು ಇವೆ ಎಂಬ ಅರ್ಥ ಬರುತ್ತದೆಂದು ನಮ್ಮಲ್ಲೊಬ್ಬರ ವಾದ. ಅವರು ಬಹುವಚನದಲ್ಲಿ ಕೋಡ್ ಫಾಂಟ್ ಬಿಟ್ಟು ‘ಟಪಲ್‌ಗಳಲ್ಲಿ’ ಎಂದು ಕನ್ನಡ ಲಿಪಿಯಲ್ಲೇ ಬರೆಯೋಣ ಎನ್ನುತ್ತಾರೆ. ನನಗೆ ಅದು ಸರಿ ಕಾಣುತ್ತದೆ. ಬೇರೆ ತಂತ್ರಾಂಶಗಳ ಕನ್ನಡ ಅನುವಾದದಲ್ಲಿ ದುಡಿದವರು ಏನು ಮಾಡಿದ್ದೀರಿ ಎಂದು ಉದಾಹರಣೆ ಸಮೇತ ಬರೆದರೆ ಕೌಂಟರ್ ಪುಟವನ್ನು ಮೊದಲು ಹಾಗೆ ತಿದ್ದಿ ಇಲ್ಲಿ ಹಾಕುತ್ತೇನೆ.